ಎರಡು ಅಳತೆ

ಊರಿನ ಪತ್ರಿಕೆಯಲ್ಲಿ ನಾಲ್ಕೇ ಸಾಲು,
ಅದೂ ಚಿನ್ನದ ಧಾರಣೆಯ ಕೆಳಗೆ:
ಖ್ಯಾತ ಒಪೆರಾ ಗಾಯಕಿ ತೆರೆಜೀನಾ ಬಲ್ದಸಾರಿ
ಕೊನೆಯುಸಿರೆಳೆದರು.
ಫೋನು ಕವುಚಿಟ್ಟೆ. ಇಸ್ತ್ರಿಪೆಟ್ಟಿಗೆ ಆರಿಸಿದೆ.
ಮಸ್ಕತ್ತಿನಲ್ಲಿ, ರೂವಿಯ ಈ ಗಲ್ಲಿಯಲ್ಲಿ, ನಲವತ್ತಾರು ಡಿಗ್ರಿ;
ಒಳಗೆ ಅರ್ಧ ಹೊಲಿದ ಏಳು ದಿಶ್‌ದಾಶಾ
ಕೊರಳಿಲ್ಲದೆ ನೇತಾಡುತ್ತಿದ್ದವು.

ಅಳತೆಪುಸ್ತಕ ತೆಗೆದೆ. ಹನ್ನೊಂದು ವರ್ಷದ ಹಿಂದಿನ ಹಾಳೆ
ಬೆವರಿಗೆ ಅಂಟಿಕೊಂಡಿತ್ತು, ಉಗುರಿನಿಂದ ಬಿಡಿಸಿದೆ.
ಸೊಂಟ, ತೋಳು, ಹೆಗಲು, ಎಲ್ಲರಿಗಿರುವಂತೆ ಒಂದೊಂದೇ.
ಎದೆಗೆ ಮಾತ್ರ ಎರಡು:
ಮೂವತ್ತೆಂಟು. ನಲವತ್ತೆರಡು.

ಅವತ್ತು ಒಪೆರಾ ಹೌಸಿನಿಂದ ಕಾರು ಕಳಿಸಿದ್ದರು.
ಅವಳ ಗೌನಿನ ಪೆಟ್ಟಿಗೆ ಬೇರೆ ಯಾವುದೋ ದೇಶದಲ್ಲಿ ಇಳಿದಿತ್ತಂತೆ.
ಎರಡು ದಿನದಲ್ಲಿ ಆಗುತ್ತದಾ ಮಾಸ್ಟರ್?
ನಾನು ಗಂಗೊಳ್ಳಿಯವನು, ಮದುಮಗಳ ರವಿಕೆ ಹೊಲಿದ ಕೈ,
ಆಗುತ್ತದೆ ಅಂದೆ.
ಆಗದು ಅನ್ನುವವನಿಗೆ ಇಲ್ಲಿ ಯಾರು ವೀಸಾ ಕೊಡುತ್ತಾರೆ?
ಗಿಡ್ಡ ಹೆಂಗಸು. ಕಾಲಲ್ಲಿ ರಬ್ಬರ್ ಚಪ್ಪಲಿ.
ಟೇಪು ಸುತ್ತಿ ಮೂವತ್ತೆಂಟು ಬರೆದೆ.
ಅವಳು ನನ್ನ ಪೆನ್ಸಿಲು ತಡೆದಳು,
ಅಲ್ಲ ಎಂದು ತಲೆಯಾಡಿಸಿದಳು, ಕಣ್ಣು ಮುಚ್ಚಿದಳು,
ಎಳೆದಳು.
ಲಂಗರಿನ ಹಗ್ಗ ನೀರಿಗೆ ಹೋಗುವ ಹಾಗೆ
ಟೇಪು ಬೆರಳ ಸಂದಿನಿಂದ ಜಾರಿ ಜಾರಿ ಹೋಯಿತು.
ಎದೆಯಷ್ಟೇ ಅಲ್ಲ, ಬೆನ್ನೂ ಅಗಲವಾಯಿತು.
ಹಾಡಲಿಲ್ಲ. ಬಿಡಲೂ ಇಲ್ಲ.
ಈಗ ಬರಿ, ಅಂತ ಹುಬ್ಬಿನಲ್ಲೇ ಹೇಳಿದಳು.

ರಾತ್ರಿ ಒಬ್ಬೊಬ್ಬರೇ ಬಂದರು. ಯಾರೂ ಕರೆದಿರಲಿಲ್ಲ.
ಕೊರಾಜೋನ್, ನರ್ಸು, ಡ್ಯೂಟಿಯ ಬಿಳಿ ಷೂವಿನಲ್ಲೇ;
ಇದ್ರಿಸ್, ಸುಡಾನಿನ ಲೆಕ್ಕಿಗ, ಖರ್ಜೂರದ ಪೊಟ್ಟಣ ಹಿಡಿದು;
ಝಯಾನಾ ಟೀಚರ್, ಕಾರು ಓಡಿಸಲು ಮಗ,
ಮಡಿಲಲ್ಲಿ ಬಿಸ್ಕತ್ತಿನ ಡಬ್ಬ, ಅದರ ತುಂಬ ಹಳೇ ಟಿಕೆಟ್ಟು.
ಎಲ್ಲರೂ ತುತ್ತತುದಿಯ ಅಗ್ಗದ ಸೀಟಿನವರು,
ಆಟ ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಪರಿಚಯವಾದವರು.
ಅಳುವುದು ಹೇಗೆಂದು ತಿಳಿಯದೆ ಜಗಳ ತೆಗೆದರು:
ಆ ಸಲ ಮೂರನೇ ಅಂಕದಲ್ಲಿ ಅವಳ ಸ್ವರ ತಪ್ಪಿತ್ತೋ ಇಲ್ಲವೋ.
ತಪ್ಪಿತ್ತು, ಅಂದ ಇದ್ರಿಸ್. ಲೆಕ್ಕಿಗನಲ್ಲವೇ.
ಆಮೇಲೆ, ಹಾಗೆ ತಪ್ಪುವುದಕ್ಕೆ ಇನ್ನು ಯಾರಿದ್ದಾರೆ ಅಂತ
ಖರ್ಜೂರ ಬಾಯಲ್ಲಿಟ್ಟುಕೊಂಡೇ ಅತ್ತ.

ನಾನು ಸುಮ್ಮನಿದ್ದೆ. ಅವಳು ಹೋದ ಮೇಲೆ
ನನಗೂ ಹುಚ್ಚು ಹಿಡಿದು ಬಂದವರನ್ನೆಲ್ಲ ಕೇಳಿದ್ದೇನೆ,
ಅವಳೊಬ್ಬಳನ್ನು ಬಿಟ್ಟು.
ಆ ರಾತ್ರಿ ರಂಗದ ಹಿಂದೆ, ಕಬ್ಬಿಣದ ಬಾಗಿಲಾಚೆ,
ಸೂಜಿಗೆ ದಾರ ಪೋಣಿಸಿಕೊಂಡು
ಹೊಲಿಗೆ ಬಿಟ್ಟೀತೆಂದು ಕಾಯುತ್ತಿದ್ದೆ.

ಕೊನೆಗೆ ಬಂದವನು ಶಾಹ್‌ದಾದ್, ಬಲೂಚಿ, ಆಗ ಅಲ್ಲಿ ಗಾರ್ಡು.
ಬಾಗಿಲು ಹಾಕಿ, ಅಂದ.
ಕಳ್ಳಮಾಲು ತೆಗೆಯುವವನಂತೆ ಒಡೆದ ಫೋನು ತೆಗೆದ:
ನಲವತ್ತು ಸೆಕೆಂಡು. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು.
ಇಸ್ತ್ರಿಮೇಜಿನ ಸುತ್ತ ಆರು ತಲೆ ಬಾಗಿದವು.
ಮೊದಲು ವಾಕಿಟಾಕಿ:
ಗೇಟ್ ಮೂರು, ಗೇಟ್ ಮೂರು, ನೀರಿನ ಲಾರಿ ಒಳಗೆ ಬಿಡು.
ಆಮೇಲೆ ಪಿಟೀಲುಗಳು, ಪಕ್ಕದ ಕೇರಿಯ ಮದುವೆಯಂತೆ.
ಆಮೇಲೆ ಒಂದು ಕ್ಷಣ ಏನೂ ಇಲ್ಲ.
ಆ ಏನೂ ಇಲ್ಲದಲ್ಲಿ
ನನ್ನ ಹನ್ನೆರಡು ಕೊಕ್ಕೆ ಒಂದೊಂದಾಗಿ ಬಿಗಿದವು,
ನನ್ನ ದಾರ ಹಿಡಿದು ನಿಂತಿತು.
ಫೋನಿಗೆ ಅದು ಕೇಳಿಸಿರಲಾರದು. ನನಗೆ ಕೇಳಿಸಿತು.
ಆಮೇಲಿನದು ಹಾಡು. ಅದು ಅವರಿಗಿರಲಿ.

ಎಲ್ಲರೂ ಹೋದರು. ಕೊರಾಜೋನ್ ಲೋಟ ತೊಳೆದಿಟ್ಟು ಹೋದಳು.
ಮುಗಿದ ಗಿರಾಕಿಯ ಲೆಕ್ಕಕ್ಕೆ ಗೆರೆ ಎಳೆಯುವುದು ನನ್ನ ಪದ್ಧತಿ.
ಕಿವಿಯಿಂದ ಪೆನ್ಸಿಲು ತೆಗೆದೆ.
ಯಾವುದರ ಮೇಲೆ?
ಝಯಾನಾ ಹೇಳಿದ್ದು: ಅವನ ಕರುಣೆಗೆ ಸಂದಳು.
ಕೊರಾಜೋನ್ ಹೇಳಿದ್ದು: ದೀಪ ಹಚ್ಚಿ ಬಂದೆ.
ನಮ್ಮ ಪತ್ರಿಕೆಯವನು ಮಾತ್ರ, ಅಭ್ಯಾಸಬಲದಿಂದಲೇ ಇರಲಿ,
ಎಳೆದರು ಅಂತ ಬರೆದಿದ್ದಾನೆ.
ಬಿಟ್ಟರು ಅಂತಲ್ಲ.

ಮೂವತ್ತೆಂಟರ ಮೇಲೆ ಗೆರೆ ಎಳೆದೆ.
ನಲವತ್ತೆರಡು ಹಾಗೇ ಇದೆ.
ಏಳು ದಿಶ್‌ದಾಶಾಗೆ ಇನ್ನೂ ಕೊರಳ ಕುಚ್ಚು ಕಟ್ಟಬೇಕು,
ನಾಳೆ ಗುರುವಾರ.